ಸುಟ್ಟ ನಿಘಂಟಿನ ಎಂಟುನೂರ ಆರನೇ ಪುಟ

ಚಿಂಗ್‌ಹು ತಾಲೂಕು ಪ್ರೌಢಶಾಲೆ
೯ ಅಕ್ಟೋಬರ್ ೧೯೭೮

ಗೌರವಾನ್ವಿತ ರುವಾನ್ ಅಣ್ಣನವರಿಗೆ,

ಹತ್ತು ವರ್ಷಗಳ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಆರೋಗ್ಯವಾಗಿದ್ದೀರಷ್ಟೆ? ಲಿಯುವಾನ್ ಕೆರೆಯ ಗಾಳಿ ಎದೆಗೆ ಒಳ್ಳೆಯದೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಬಾತುಕೋಳಿಗಳೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಶಾಲೆಯಲ್ಲಿ ರಷ್ಯನ್ ಪಾಠ ನಿಂತುಹೋಯಿತು. ಸೆಪ್ಟೆಂಬರಿನ ಮೊದಲ ದಿನ ನಮ್ಮ ಶಾಲೆಯ ಪಕ್ಷದ ಕಾರ್ಯದರ್ಶಿ ಹೌ ಕರೆಸಿ, "ಪಾಂಗ್, ನಾಳೆಯಿಂದ ನೀನು ಇಂಗ್ಲಿಷ್ ಮೇಷ್ಟ್ರು" ಅಂದರು.

"ನಂಗೆ ಇಂಗ್ಲಿಷ್ ಬರಲ್ವಲ್ಲ ಕಾರ್ಯದರ್ಶಿಗಳೇ."

"ರಷ್ಯನ್ ಬರುತ್ತಲ್ಲ? ಅದೂ ಪರದೇಶದ್ದು, ಇದೂ ಪರದೇಶದ್ದು. ಹುಡುಗ್ರಿಗಿಂತ ಒಂದು ಪಾಠ ಮುಂದೆ ಓದ್ಕೊಂಡು ಹೋಗು, ಸಾಕು."

ಹಾಗೆ ಐವತ್ತೊಂದು ಮಕ್ಕಳಿಗಿಂತ ಒಂದು ಪಾಠ ಮುಂದೆ ಓಡುತ್ತಿದ್ದೇನೆ. ಕೆಲವು ದಿನ ಅರ್ಧ ಪಾಠ. ಬರುವ ಜುಲೈನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನ ಅಂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಮಕ್ಕಳ ಕಣ್ಣಲ್ಲಿ ಹಸಿವಿದೆ, ನನ್ನ ಬಾಯಲ್ಲಿ ಒಣಹುಲ್ಲಿದೆ.

ವಿಷಯಕ್ಕೆ ಬರುತ್ತೇನೆ. ಆರನೇ ಪಾಠದಲ್ಲಿ 'ಪುಟ್ ಅಪ್' ಎಂಬ ಜೋಡಿ ಮೂರು ಸಲ ಬಂದಿದೆ. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ. ಇಷ್ಟು ನನಗೆ ಗೊತ್ತು. ಆದರೆ ಮೂರು ಕಡೆಯಲ್ಲೂ ಯಾರೂ ಏನನ್ನೂ ಮೇಲೆ ಇಡುತ್ತಿಲ್ಲ. ಹುಡುಗಿಯೊಬ್ಬಳು ಕೈಯನ್ನು ಪುಟ್ ಅಪ್ ಮಾಡುತ್ತಾಳೆ, ಚಿಕ್ಕಪ್ಪ ನೆಂಟನನ್ನು ಪುಟ್ ಅಪ್ ಮಾಡುತ್ತಾನೆ, ಮುದುಕಿಯೊಬ್ಬಳು ಗದ್ದಲದ ಜೊತೆ ಪುಟ್ ಅಪ್ ಮಾಡುತ್ತಾಳೆ. ಇದರಲ್ಲಿ ಯಾವುದು ಎಲ್ಲಿ ಇಟ್ಟದ್ದು? ತಾಲೂಕಿನಲ್ಲಿ ಇದನ್ನು ಕೇಳಬಹುದಾದ ಮನುಷ್ಯ ನೀವೊಬ್ಬರೇ.

ಒಂದು ಡಬ್ಬಿ ಚಹಾ ಕಳಿಸಿದ್ದೇನೆ, ವಸಂತದಲ್ಲಿ ಕಿತ್ತ ಎಲೆ. ಹಳೆಯದನ್ನೆಲ್ಲ ಮರೆತು ಮುಂದೆ ನೋಡುವ ಕಾಲ ಬಂದಿದೆ ಎಂದು ಪತ್ರಿಕೆಯಲ್ಲೂ ಬರೆಯುತ್ತಿದ್ದಾರೆ.

ಕ್ರಾಂತಿಯ ವಂದನೆಗಳೊಂದಿಗೆ,
ನಿಮ್ಮ ಹಳೆಯ ಸಹೋದ್ಯೋಗಿ
ಪಾಂಗ್ ಶೌಟಿಯನ್

*

ಲಿಯುವಾನ್ ಬಾತುಕೋಳಿ ಸಾಕಣೆ ಕೇಂದ್ರ
೧೮ ಅಕ್ಟೋಬರ್

ಪಾಂಗ್,

ನಾನು ನಿನಗೆ ಅಣ್ಣನಲ್ಲ. ಚಹಾ ಡಬ್ಬಿ ವಾಪಸು ಬರುತ್ತಿದೆ. ಬಾತುಕೋಳಿಗಳ ಕ್ಷೇಮ ಕೇಳಿದ್ದೀಯ: ನಾನೂರ ಅರವತ್ತು ಇವೆ, ಎಲ್ಲ ಕ್ಷೇಮ. ಹತ್ತು ವರ್ಷದಲ್ಲಿ ಒಂದೂ ಇನ್ನೊಂದರ ಮೇಲೆ ದೂರು ಬರೆದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ನನ್ನ ನಿಘಂಟಿನ ಎಂಟುನೂರ ಆರನೇ ಪುಟದಲ್ಲಿತ್ತು. ಎಡಗಡೆಯ ಅಂಕಣ. ಹದಿನಾಲ್ಕು ಅರ್ಥ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಅರವತ್ತೆಂಟರ ಆಗಸ್ಟಿನಲ್ಲಿ, ಶಾಲೆಯ ಅಂಗಳದಲ್ಲಿ ಅದನ್ನು ಬೆಂಕಿಗೆ ಹಾಕಿದವನು ನೀನು. ದಪ್ಪ ಪುಸ್ತಕ ಬೇಗ ಉರಿಯುವುದಿಲ್ಲವೆಂದು ಕೋಲಿನಿಂದ ಪುಟ ಬಿಡಿಸಿ ಬಿಡಿಸಿ ಕೊಟ್ಟೆ. ನೀನು ಯಾವುದಾದರೂ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ತಿರುವಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪುಟ ಸುಟ್ಟವನಿಗೆ ಈಗ ಪುಟ್ ಅಪ್ ಬೇಕಾಯಿತೋ!

ಪುಸ್ತಕ ಸುಟ್ಟಿತು, ನಾನು ಉಳಿದೆ. ಹದಿನಾಲ್ಕೂ ಬಾಯಿಪಾಠ ಇದೆ. ಕೊಡುತ್ತೇನೆ, ಪುಕ್ಕಟೆ ಅಲ್ಲ.

ಈ ಬೇಸಿಗೆಯಲ್ಲಿ ಕಾರ್ಯದರ್ಶಿ ಹೌ ಮುಂದೆ ಹೋಗಿ ನಿಂತಿದ್ದೆ. ನನ್ನ ಜೊತೆಗೆ ಶಾಲೆಯಿಂದ ಹೊರಬಿದ್ದ ನಾಲ್ವರೂ ಮರಳಿ ಪಾಠ ಮಾಡುತ್ತಿದ್ದಾರೆ. ನನ್ನ ಕಡತ ತೆಗೆದು ತೋರಿಸಿದರು. "ನೋಡಪ್ಪ ರುವಾನ್, ಇದೊಂದು ಹಾಳೆ ಅಡ್ಡ ಕೂತಿದೆ. ಬರ್ದೋನೇ ಬಂದು ಇದು ಸುಳ್ಳು ಅಂತ ತನ್ನ ಕೈಯಾರೆ ಬರ್ಕೊಡ್ಬೇಕು. ನಾನೇನ್ ಮಾಡ್ಲಿ?" ಹಾಳೆ ನಿನ್ನದು. ರುವಾನ್ ಕೋಣೆಯಲ್ಲಿ ರೇಡಿಯೋ ಇಟ್ಟುಕೊಂಡು ಸಂಜೆಸಂಜೆ ಶತ್ರುಗಳ ಸುದ್ದಿ ಕೇಳುತ್ತಾನೆ ಎಂದು ಬರೆದಿದ್ದೆ. ಅದನ್ನೇ ಊಟದ ಮನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಅಂಟಿಸಿದ್ದೆ. ರೇಡಿಯೋ ನಿನ್ನದು. ಮಾಸ್ಕೋ ಕೇಳುತ್ತಿದ್ದವನು ನೀನು. ತಿರುಗಣೆ ಕೆಟ್ಟಿದೆ, ರಿಪೇರಿ ಮಾಡಿಕೊಡು ಎಂದು ನನ್ನ ಕೋಣೆಯಲ್ಲಿ ಇಟ್ಟುಹೋದವನೂ ನೀನೇ.

ನನಗೀಗ ಐವತ್ತನಾಲ್ಕು. ಅರವತ್ತಕ್ಕೆ ನಿವೃತ್ತಿ. ಉಳಿದ ಆರು ವರ್ಷ ನನಗೆ ಕಪ್ಪುಹಲಗೆಯ ಮುಂದೆ ಬೇಕು, ಕೆರೆಯ ಮುಂದೆ ಅಲ್ಲ. ಆದ್ದರಿಂದ ವ್ಯವಹಾರ ಹೀಗೆ: ನೀನು ಆ ಹೇಳಿಕೆಯ ಕರಡು ಬರೆದು ಕಳಿಸು, ನಾನು ತಿದ್ದಿ ಅಂಕ ಕೊಡುತ್ತೇನೆ. ಒಂದು ಕರಡಿಗೆ ಒಂದು ಅರ್ಥ.

ಮುಂಗಡವಾಗಿ ಒಂದು: ಕೈ ಪುಟ್ ಅಪ್ ಎಂದರೆ ಕೈ ಎತ್ತುವುದು. ನಿನಗೆ ಸುಲಭ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎತ್ತುತ್ತಿದ್ದವನಲ್ಲವೇ.

ರುವಾನ್ ಚಿಹೊಂಗ್

*

ಚಿಂಗ್‌ಹು
೨ ನವೆಂಬರ್

ರುವಾನ್ ಮೇಷ್ಟ್ರಿಗೆ,

ನಿಮ್ಮ ಪತ್ರ ಬರುವುದರೊಳಗೆ ಪಾಠದ ದಿನ ಬಂದುಬಿಟ್ಟಿತು. ಕೈ ಎತ್ತುವುದನ್ನು ಹೇಗೋ ದಾಟಿಸಿದೆ. ಚಿಕ್ಕಪ್ಪ ನೆಂಟನನ್ನು ಪುಟ್ ಅಪ್ ಮಾಡಿದ್ದಕ್ಕೆ, ಇಂಗ್ಲಿಷರು ನೆಂಟರನ್ನು ಮಹಡಿಯ ಮೇಲೆ ಮಲಗಿಸುತ್ತಾರೆ ಎಂದು ಹೇಳಿದೆ. ಲುವೊ ಸುಯಿಪಿಂಗ್ ಎಂಬ ಹುಡುಗಿ, ಹೆಂಚಿನ ಕಾರ್ಖಾನೆಯವರ ಮಗಳು, ಎದ್ದು ನಿಂತಳು.

"ಮೇಷ್ಟ್ರೇ, ಮಹಡಿ ಇಲ್ದೇ ಇರೋ ಬಡವ್ರು ಏನ್ಮಾಡ್ತಾರೆ?"

"ಅವರಿಗೆ ನೆಂಟ್ರು ಬರಲ್ಲ, ಕೂತ್ಕೋ."

ತರಗತಿ ನಕ್ಕಿತು. ಅವಳು ನಗಲಿಲ್ಲ, ನಾನು ಹೇಳಿದ್ದನ್ನು ಬರೆದುಕೊಂಡಳು. ಅದೇ ನನಗೆ ಮುಳ್ಳಿನಂತೆ ಚುಚ್ಚುತ್ತಿದೆ.

ಇದೆಂಥ ಭಾಷೆ ಹೇಳಿ! ರಷ್ಯನ್ನಿನಲ್ಲಿ ಕ್ರಿಯಾಪದದ ಮುಂದೆ ಒಂದು ತುಣುಕು ಸೇರಿಸಿದರೆ ಅದು ಸಿಪಾಯಿಯಂತೆ ತನ್ನ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಎರಡು ಪುಟ್ಟ ಪದ, ಎರಡೂ ಸಭ್ಯರು. ಜೊತೆ ಸೇರಿದ ತಕ್ಷಣ ಜೇಬುಗಳ್ಳರು. ನಮ್ಮ ಭಾಷೆಯ ನಿಯತ್ತು ಅದಕ್ಕೆಲ್ಲಿಂದ ಬರಬೇಕು?

ಕರಡು ಜೊತೆಗಿದೆ: 'ಅಂದಿನ ಸಂಕೀರ್ಣ ಸನ್ನಿವೇಶದಲ್ಲಿ, ಕೆಲವು ಒತ್ತಡಗಳ ಪರಿಣಾಮವಾಗಿ, ಸಂಪೂರ್ಣ ನಿಖರವಲ್ಲದ ಮಾಹಿತಿಯೊಂದು ಸಂಗಾತಿ ರುವಾನ್ ಅವರ ಕುರಿತು ದಾಖಲಾಯಿತು.' ಇದು ಸಾಕೆಂದು ಭಾವಿಸುತ್ತೇನೆ.

ಕ್ರಾಂತಿಯ ವಂದನೆಗಳು,
ಪಾಂಗ್ ಶೌಟಿಯನ್

*

ಲಿಯುವಾನ್
೧೨ ನವೆಂಬರ್

ಪಾಂಗ್,

ನೂರಕ್ಕೆ ಹನ್ನೆರಡು. ಅದೂ ಅಕ್ಷರ ದುಂಡಗಿರುವುದಕ್ಕೆ.

ದಾಖಲಾಯಿತಂತೆ. ತಾನಾಗಿ? ಹಾಳೆ ಅಂಗಡಿಯಿಂದ ನಡೆದು ಬಂದು, ಮಸಿಯಲ್ಲಿ ಮಿಂದು, ಕಡತದಲ್ಲಿ ಮಲಗಿತೇ? ಸನ್ನಿವೇಶಕ್ಕೆ ಕೈಯಿದೆಯೇ, ಒತ್ತಡಕ್ಕೆ ಸಹಿಯಿದೆಯೇ? ನಿನ್ನ ಕರಡಿನಲ್ಲಿ ಎಲ್ಲರೂ ಇದ್ದಾರೆ, ನೀನು ಒಬ್ಬನಿಲ್ಲ. ನಮ್ಮ ಕೇಂದ್ರದ ತಾನ್ ದೊಡ್ಡಮ್ಮನಿಗೆ ಓದಿ ಹೇಳಿದೆ. ಓದು ಬರಹ ಬಾರದ ಹೆಂಗಸು, ಇಲ್ಲಿಯ ಮುಖ್ಯಸ್ಥೆ. "ಯಾರು ಮೇಷ್ಟ್ರೇ ಇವ್ನು? ಮೊಟ್ಟೆ ಕದ್ದು ತಿಂದ ನಾಯಿನೂ ಇದಕ್ಕಿಂತ ಚೆನ್ನಾಗಿ ತಪ್ಪು ಒಪ್ಕೊಳತ್ತೆ" ಅಂದಳು.

ನಮ್ಮ ಭಾಷೆಯ ನಿಯತ್ತಿನ ಬಗ್ಗೆ ಬರೆದಿದ್ದೀಯ. ನಮ್ಮ ಚೀನೀ ಭಾಷೆಯ 'ಡಾ' ಎಂಬ ಮಾತನ್ನೇ ತಗೋ. ಡಾ ಎಂದರೆ ಹೊಡೆ. ಬಾವಿಗೆ ಹೋದರೆ ನೀರನ್ನು ಹೊಡೆಯುತ್ತೇವೆ, ಅಂಗಡಿಯಲ್ಲಿ ಸೋಯಾ ರಸ ಹೊಡೆಯುತ್ತೇವೆ. ನಿನ್ನ ಹೆಂಡತಿ ಸ್ವೆಟರನ್ನು ಹೊಡೆಯುತ್ತಾಳೆ, ನೀನು ಟೆಲಿಫೋನು ಹೊಡೆಯುತ್ತೀಯ. ಮಳೆ ಬಂದರೆ ಕೊಡೆ ಹೊಡೆಯುತ್ತೇವೆ, ಬಿಸಿಲಾದರೆ ತೂಕಡಿಕೆ ಹೊಡೆಯುತ್ತೇವೆ. ಇದನ್ನೆಲ್ಲ ಪದಕ್ಕೆ ಪದ ಓದಿದ ಇಂಗ್ಲಿಷಿನವನು, ಈ ದೇಶದಲ್ಲಿ ಪೆಟ್ಟು ತಿನ್ನದ ವಸ್ತುವೇ ಇಲ್ಲವೆಂದುಕೊಳ್ಳುತ್ತಾನೆ. ಅದೇ ಪದಕ್ಕೆ ಇನ್ನೊಂದು ಬಾಲ ಹಚ್ಚಿ, ನನ್ನ ಹೆಸರಿನ ಹಿಂದೆ ಸೇರಿಸಿ, ಗೋಡೆಯ ಮೇಲೆ 'ಹೊಡೆದುರುಳಿಸಿ' ಎಂದು ಬರೆದಿದ್ದೆಯಲ್ಲ. ಆಗ ನಿನಗೆ ಅರ್ಥದ ತೊಡಕು ಬಂದಿರಲಿಲ್ಲ.

ನೆಂಟನನ್ನು ಪುಟ್ ಅಪ್ ಮಾಡುವುದೆಂದರೆ ಮನೆಯಲ್ಲಿ ಉಳಿಸಿಕೊಳ್ಳುವುದು, ಮಲಗಲು ಜಾಗ ಕೊಡುವುದು. ಮಹಡಿ ಬೇಕಿಲ್ಲ. ಐವತ್ತೇಳರಲ್ಲಿ ನಿನಗೆ ಕೋಣೆ ಸಿಗದೆ ಎಂಟು ತಿಂಗಳು ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದೆ. ಅದು ಪುಟ್ ಅಪ್. ಆ ಹುಡುಗಿಗೆ ನಾಳೆಯೇ ಹೇಳು, ಬಡವರಿಗೂ ನೆಂಟರು ಬರುತ್ತಾರೆಂದು.

ಮುಂದಿನ ಕರಡಿನಲ್ಲಿ ಒಬ್ಬ ಮನುಷ್ಯ ಇರಲಿ.

ರುವಾನ್

*

ಚಿಂಗ್‌ಹು
೨೦ ಡಿಸೆಂಬರ್

ರುವಾನ್ ಮೇಷ್ಟ್ರಿಗೆ,

ಹುಡುಗಿಗೆ ಹೇಳಿದೆ. "ಮತ್ತೆ ಹೋದ್ ತಿಂಗ್ಳು ಹೇಳಿದ್ದು?" ಅಂದಳು. "ಅದು ಹಳೇ ಇಂಗ್ಲಿಷ್, ಇದು ಹೊಸದು" ಅಂದೆ. ಅದನ್ನೂ ಬರೆದುಕೊಂಡಳು.

ಮಕ್ಕಳ ನೆನಪಿಗೆಂದು ಪ್ರಾಸ ಕಟ್ಟಿದ್ದೇನೆ. ಬೆಳಗಿನ ಓದಿನ ಹೊತ್ತಿಗೆ ಅಂಗಳದಲ್ಲಿ ಐವತ್ತೊಂದು ಬಾಯಿ ಒಟ್ಟಿಗೆ ಕೂಗುತ್ತವೆ:

ಕೈ ಎತ್ತಿದರೂ ಪುಟ್ ಅಪ್, ಕಂಬ ನೆಟ್ಟರೂ ಪುಟ್ ಅಪ್,
ನೆಂಟ ಬಂದರೆ ಚಾಪೆ ಹಾಸು, ಅದಕೂ ಎನ್ನು ಪುಟ್ ಅಪ್!

ಕಂಬ ನನ್ನ ಊಹೆ. ಸರಿಯೇ?

ಮುದುಕಿ ಮತ್ತು ಗದ್ದಲದ ವಿಷಯ ಹಾಗೇ ಉಳಿದಿದೆ. ಫೆಬ್ರವರಿ ಕೊನೆಯಲ್ಲಿ ಜಿಲ್ಲೆಯಿಂದ ಪಾಠ ನೋಡಲು ಬರುತ್ತಾರೆ. ಮುಂದಿನ ಪಾಠಗಳಲ್ಲೂ ಈ ದರಿದ್ರ ಜೋಡಿ ಇಣುಕುತ್ತಿದೆ: ಬೆಲೆ ಪುಟ್ ಅಪ್, ಕೊಡೆ ಪುಟ್ ಅಪ್, ಹಣ್ಣನ್ನು ಸಕ್ಕರೆ ಹಾಕಿ ಪುಟ್ ಅಪ್. ದಯವಿಟ್ಟು ಒಂದೊಂದಾಗಿ ತೊಟ್ಟಿಕ್ಕಿಸದೆ ಒಟ್ಟಿಗೆ ಕೊಡಿ.

ಕರಡು: 'ನಾನು, ಪಾಂಗ್ ಶೌಟಿಯನ್, ಅಂದು ರಾಜಕೀಯ ಪ್ರಜ್ಞೆ ಸಾಕಷ್ಟು ಬೆಳೆದಿರದ ಕಾರಣ, ಇತರರ ಪ್ರಚೋದನೆಗೆ ಒಳಗಾಗಿ, ಸಂಗಾತಿ ರುವಾನ್ ಕುರಿತು ತಪ್ಪು ತಿಳಿವಳಿಕೆ ಹೊಂದಿದ್ದೆ.' ಮನುಷ್ಯ ಇದ್ದಾನೆ, ನೋಡಿ.

ವಂದನೆಗಳು,
ಪಾಂಗ್ ಶೌಟಿಯನ್

*

ಲಿಯುವಾನ್
೩ ಜನವರಿ ೧೯೭೯

ಪಾಂಗ್,

ಮೂವತ್ತೊಂದು. ಮನುಷ್ಯ ಇದ್ದಾನೆ, ಇತರರ ಬೆನ್ನ ಹಿಂದೆ ಕೂತಿದ್ದಾನೆ. ಯಾರು ಆ ಇತರರು? ರೇಡಿಯೋದ ಮಾತೇ ಇಲ್ಲ. ನಿನ್ನದು ತಪ್ಪು ತಿಳಿವಳಿಕೆಯಲ್ಲ, ಎಲ್ಲವನ್ನೂ ಸರಿಯಾಗಿ ತಿಳಿದೇ ಬರೆದದ್ದು. ನಿನ್ನ ಬದುಕಿನಲ್ಲಿ ನೀನು ಸರಿಯಾಗಿ ತಿಳಿದುಕೊಂಡ ಏಕೈಕ ವಿಷಯ ಅದು.

ಕಂಬ ಸರಿ. ಕುರುಡು ಕೋಳಿಗೂ ಒಂದು ಕಾಳು ಸಿಕ್ಕಿತು.

ಇನ್ನು ಕರಡು ಬೇಡ, ಹೇಳಿಕೆ ಬೇಕು, ಸಹಿಯೊಂದಿಗೆ, ಹೌ ಮೇಜಿನ ಮೇಲೆ. ಅಲ್ಲಿಯವರೆಗೆ ಅರ್ಥವೂ ಇಲ್ಲ. ಮುದುಕಿ ಗದ್ದಲದ ಜೊತೆ ಏನು ಮಾಡುತ್ತಾಳೋ ಮಾಡಿಕೊಳ್ಳಲಿ. ಜಿಲ್ಲೆಯವರು ಬಂದಾಗ ಅವರಿಗೂ ನಿನ್ನ ಪ್ರಾಸ ಹಾಡಿ ತೋರಿಸು.

ರುವಾನ್

*

ಚಿಂಗ್‌ಹು
೩ ಮಾರ್ಚ್

ರುವಾನ್,

ಇನ್ನು ನಿಮ್ಮ ಹಂಗಿಲ್ಲ.

ಎರಡು ತಿಂಗಳು ಕುಳಿತು ಈ ಭಾಷೆಗೊಂದು ಶಿಸ್ತು ತಂದಿದ್ದೇನೆ. ರಷ್ಯನ್ ಕಲಿತವನಿಗೆ ತಿಳಿಯುತ್ತದೆ, ತುಣುಕಿಗೆ ಒಂದೇ ಅರ್ಥ ಇರಬೇಕು. ಅಪ್ ಎಂದರೆ ಮೇಲಕ್ಕೆ, ಎಲ್ಲಿದ್ದರೂ ಮೇಲಕ್ಕೆ. ಇಪ್ಪತ್ತು ಕ್ರಿಯಾಪದ ಅಡ್ಡಕ್ಕೆ, ಎಂಟು ತುಣುಕು ಉದ್ದಕ್ಕೆ, ನೂರರವತ್ತು ಮನೆಯ ಪಟ್ಟಿ. ಜಿಲ್ಲೆಯವರು ನೋಡಿ, "ಇದು ವೈಜ್ಞಾನಿಕವಾಗಿದೆ" ಅಂದರು. ಅವರೂ ಮೊದಲು ರಷ್ಯನ್ ಮೇಷ್ಟ್ರಾಗಿದ್ದವರು. ಮಕ್ಕಳೀಗ ಕೂಗುತ್ತಾರೆ:

ಅಪ್ ಎಂದರೆ ಮೇಲೆ, ಡೌನ್ ಎಂದರೆ ಕೆಳಗೆ,
ಮೇಲು ಕೆಳಗು ತಿಳಿದವನಿಗೆ ಇಂಗ್ಲಿಷೆಲ್ಲ ಒಳಗೆ!

ಲುವೊ ಸುಯಿಪಿಂಗಳ ಬರಹದ ಪುಸ್ತಕ ಕಳಿಸಿದ್ದೇನೆ, ತೆರೆದು ನೋಡಿ. ನೂರಕ್ಕೆ ನೂರು ಕೊಟ್ಟಿದ್ದೇನೆ.

ಇನ್ನೊಂದು ಮಾತು. ಅಣ್ಣನೂ ಬೇಡ, ಮೇಷ್ಟ್ರೂ ಬೇಡ, ನಿನಗೇ ಹೇಳುತ್ತೇನೆ. ಹೌ ನನಗೆ ಬಾಯಿಬಿಟ್ಟು ಹೇಳಿದ್ದಾರೆ: "ಈ ಶಾಲೆಗೆ ಒಬ್ಬ ಇಂಗ್ಲಿಷ್ ಮೇಷ್ಟ್ರು ಸಾಕು. ಅವ್ನು ಬಂದ್ರೆ ನೀನು ಬಿಸಿನೀರಿನ ಮನೆಗೆ." ಅರ್ಥವಾಯಿತೇ? ನಾನು ಸಹಿ ಹಾಕಿದ ದಿನ ಸೀಮೆಸುಣ್ಣ ಬಿಟ್ಟು ಕಲ್ಲಿದ್ದಲು ಹಿಡಿಯಬೇಕು. ನಾನು ಪಾಠ ಮಾಡಿದ ಮಕ್ಕಳು ಕುಡಿಯುವ ಬಿಸಿನೀರಿಗೆಂದು ಫ್ಲಾಸ್ಕು ಹಿಡಿದು ಸಾಲಲ್ಲಿ ಬಂದು ನಿಲ್ಲುತ್ತಾರೆ. ನೀನು ಅಂಕ ಕೊಡುತ್ತ ಕೂತಿದ್ದೀಯ.

ಮತ್ತೆ ಅಂದು ಸಭೆಯಲ್ಲಿ ನಿನ್ನ ಕುತ್ತಿಗೆಗೆ ಆರೋಪ ಬರೆದ ಹಲಗೆ ತೂಗುಹಾಕಿ ನಿಲ್ಲಿಸಿದ್ದರಲ್ಲ, ರೇಡಿಯೋ ಯಾರದು ಎಂದು ಮೂರು ಸಲ ಕೇಳಿದರಲ್ಲ, ನೀನು ಯಾಕೆ ಹೇಳಲಿಲ್ಲ? ಪಾಂಗ್‌ನದು ಎಂದು ಎರಡು ಮಾತು ಸಾಕಿತ್ತು. ಹೇಳಿದ್ದರೆ ನಾವಿಬ್ಬರೂ ಸರಿಸಮ ಆಗುತ್ತಿದ್ದೆವು. ಸುಮ್ಮನೆ ನಿಂತೆ. ನನಗಿಂತ ಎತ್ತರದಲ್ಲಿ ನಿಲ್ಲಬೇಕಿತ್ತು ನಿನಗೆ. ಹತ್ತು ವರ್ಷದಿಂದ ನಾನು ಊಟದ ಮನೆಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ. ನಿನ್ನಂಥ ಅಹಂಕಾರಿಯನ್ನು ನಾನು ಕಂಡಿಲ್ಲ.

ಪಾಂಗ್

*

ಲಿಯುವಾನ್
೧೨ ಮಾರ್ಚ್

ಪಾಂಗ್,

ಪುಸ್ತಕ ನೋಡಿದೆ. ಹದಿನೇಳನೇ ಪುಟ. ಹುಡುಗಿ ಬರೆದಿದ್ದಾಳೆ: 'ಪ್ರತಿದಿನ ಬೆಳಗ್ಗೆ ಐದಕ್ಕೆ ನಾನು ಅಜ್ಜಿಯ ಜೊತೆ ಪುಟ್ ಅಪ್ ಮಾಡುತ್ತೇನೆ.' ಅಜ್ಜಿಯ ಜೊತೆ ಮೇಲೇಳುತ್ತೇನೆ ಎನ್ನುವುದು ಅವಳ ಮನಸ್ಸಿನಲ್ಲಿದೆ. ನೀನು ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿದ್ದೀಯ. ಅವಳು ಬರೆದದ್ದರ ನಿಜವಾದ ಅರ್ಥ, ಬೆಳಗಾದರೆ ಈ ಅಜ್ಜಿಯನ್ನು ಹೇಗೋ ಸಹಿಸಿಕೊಳ್ಳುತ್ತೇನೆ ಎಂದು. ಜುಲೈನಲ್ಲಿ ಪರೀಕ್ಷಕ ಇದನ್ನು ಓದುತ್ತಾನೆ. ಐವತ್ತೊಂದು ಮಕ್ಕಳು ಐವತ್ತೊಂದು ಅಜ್ಜಿಯರಿಗೆ ಮಾಡುವ ಅವಮಾನ ಓದಿ ಸುಸ್ತಾಗುತ್ತಾನೆ. ಆಮೇಲೆ ಅವರೆಲ್ಲ ಹೆಂಚಿನ ಕಾರ್ಖಾನೆಗೆ ಹೋಗುತ್ತಾರೆ, ನಿನ್ನ ವೈಜ್ಞಾನಿಕ ಪಟ್ಟಿಯನ್ನು ಗೂಡಿನ ಬಾಯಲ್ಲಿ ಕೂಗಿಕೊಂಡು.

ಹದಿನಾಲ್ಕನ್ನೂ ಬರೆದಿದ್ದೇನೆ. ಎಂಟು ಹಾಳೆ. ಒಂದೊಂದಕ್ಕೂ ಐದೈದು ವಾಕ್ಯ, ಎಲ್ಲ ಈ ತಾಲೂಕಿನದೇ ಮಾತು, ಮಕ್ಕಳಿಗೆ ತಿಳಿಯಬೇಕೆಂದು. ಗೋಡೆಗೆ ನೋಟೀಸು ಅಂಟಿಸುವುದು. ಡೇರೆ ಎಬ್ಬಿಸುವುದು. ಬೆಲೆ ಏರಿಸುವುದು. ಕೊಡೆ ಬಿಚ್ಚುವುದು, ನಾವು ಹೊಡೆಯುವ ಅದೇ ಕೊಡೆ. ಪೀಚ್ ಹಣ್ಣನ್ನು ಸಕ್ಕರೆ ಪಾಕದಲ್ಲಿ ಜಾಡಿಗೆ ತುಂಬಿಡುವುದು. ಜಡೆಯನ್ನು ಎತ್ತಿ ಕಟ್ಟುವುದು. ಚುನಾವಣೆಗೆ ಒಬ್ಬನನ್ನು ನಿಲ್ಲಿಸುವುದು. ಸಂತೆಯಲ್ಲಿ ಎಮ್ಮೆಯನ್ನು ಮಾರಾಟಕ್ಕಿಡುವುದು. ಸೋಲುತ್ತೇವೆಂದು ಗೊತ್ತಿದ್ದರೂ ಸೆಣಸುವುದು. ಜೊಂಡಿನಲ್ಲಿ ಅಡಗಿದ ಕಾಡುಬಾತುಗಳನ್ನು ಬೆದರಿಸಿ ಹಾರಿಸುವುದು. ಇದನ್ನು ನಿಘಂಟಿನಲ್ಲಿ ಓದಿದ್ದೆ, ಅರ್ಥವಾದದ್ದು ಈ ಕೆರೆಗೆ ಬಂದ ಮೇಲೆ. ಮುದುಕಿ ಮತ್ತು ಗದ್ದಲ, ಅಂದರೆ ಸಹಿಸಿಕೊಳ್ಳುವುದು, ಏಳನೆಯ ಹಾಳೆಯಲ್ಲಿದೆ. ಕೈ, ನೆಂಟ, ಕಂಬ ಸೇರಿ ಹದಿನಾಲ್ಕು. ಇವುಗಳಲ್ಲಿ ನಿಯಮ ಹುಡುಕಬೇಡ. ಜನ ಬಳಸಿದರು, ಹಾಗಾಯಿತು. ಒಂದೊಂದನ್ನೂ ಅದರದರ ಮನೆಯಲ್ಲಿ ಹೋಗಿ ಮಾತಾಡಿಸಬೇಕು, ಸಾಲಲ್ಲಿ ನಿಲ್ಲಿಸಿ ಹಾಜರಿ ಕೂಗುವಂತಿಲ್ಲ.

ಇದು ನಿನಗಲ್ಲ, ಆ ಹುಡುಗಿಗೆ. ಬದಲಿಗೆ ಏನೂ ಬೇಕಿಲ್ಲ. ಇನ್ನು ನನ್ನ ಹತ್ತಿರ ನಿನಗೆ ಬೇಕಾದದ್ದು ಏನೂ ಉಳಿದಿಲ್ಲ, ಆದ್ದರಿಂದ ನೀನು ಹೇಳಿಕೆ ಬರೆಯುವುದಿಲ್ಲ. ಗೊತ್ತಿದೆ. ಕಟ್ಟು ಕಟ್ಟುವಾಗ ತಾನ್ ದೊಡ್ಡಮ್ಮ ಕೇಳಿದಳು, "ಏನ್ ಮೇಷ್ಟ್ರೇ, ಬೈಗುಳಕ್ಕೆ ಇಷ್ಟು ದಪ್ಪ ಲಕೋಟೆನಾ?" "ಬೈಗುಳ ಒಂದೇ ಹಾಳೆ. ಮಿಕ್ಕಿದ್ದು ಪಾಠ" ಅಂದೆ. "ಹಾಗಾದ್ರೆ ನಿಮ್ಮ ಕಥೆ ಮುಗೀತು ಬಿಡಿ" ಅಂದಳು.

ನಾನು ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಔದಾರ್ಯ ಎಂದುಕೊಂಡು ಹತ್ತು ವರ್ಷ ಉರಿದೆಯಾ? ಮೂರ್ಖ. ನೀನು ಹೇಳುತ್ತೀಯೆಂದು ಕಾಯುತ್ತಿದ್ದೆ. ಮೂರನೇ ಸಾಲು, ಕಂಬದ ಪಕ್ಕ ನೀನು ಕೂತಿದ್ದೆ. ಮೂರೂ ಸಲ ನಿನ್ನನ್ನೇ ನೋಡಿದೆ. ಮೂರನೇ ಸಲ ನೀನು ಬಾಯಿ ತೆರೆದೆ. ಬಂತು ಎಂದುಕೊಂಡೆ. ನೀನು ಘೋಷಣೆ ಕೂಗಿದೆ. ಆಮೇಲೆ ಹೇಳಿ ಏನು ಪ್ರಯೋಜನ? ನಿನ್ನನ್ನೂ ಇಲ್ಲಿಗೇ ತಂದು ಹಾಕುತ್ತಿದ್ದರು. ಇಲ್ಲಿ ಇದ್ದದ್ದು ಒಂದೇ ಮಂಚ. ನಿನ್ನ ಗೊರಕೆಗಿಂತ ನಾನೂರ ಅರವತ್ತು ಬಾತುಕೋಳಿ ಮೇಲು.

ರುವಾನ್ ಚಿಹೊಂಗ್

*

ಲಿಯುವಾನ್
೨೦ ಮೇ

ಪಾಂಗ್,

ಹುಡುಗಿಯ ಪುಸ್ತಕ ನನ್ನ ಹತ್ತಿರವೇ ಉಳಿದಿತ್ತು. ಪರೀಕ್ಷೆಗೆ ಬೇಕಾಗುತ್ತದೆ, ಕಳಿಸಿದ್ದೇನೆ. ತಪ್ಪುಗಳನ್ನು ಸೀಸದಕಡ್ಡಿಯಲ್ಲಿ ತಿದ್ದಿದ್ದೇನೆ. ಎಂಟು ಹಾಳೆ ಅವಳ ಕೈಗೆ ಕೊಡದಿದ್ದರೆ ಇದನ್ನಾದರೂ ಕೊಡು. ಉತ್ತರ ನಿರೀಕ್ಷಿಸಿಲ್ಲ.

ರುವಾನ್

*

ಚಿಂಗ್‌ಹು
೨೧ ಜೂನ್

ರುವಾನ್,

ಎಂಟು ಹಾಳೆಯನ್ನೂ ಬಂದ ದಿನವೇ ಅಚ್ಚಿನ ಮೇಣದ ಕಾಗದದ ಮೇಲೆ ಕೊರೆದು ಐವತ್ತೊಂದು ಪ್ರತಿ ತೆಗೆದೆ, ನಿನ್ನ ಮೂಲ ಹಾಳೆಗಳನ್ನು ಆ ಹುಡುಗಿಯ ಕೈಗೇ ಕೊಟ್ಟೆ. ತರಗತಿಯಲ್ಲಿ ಪಟ್ಟಿ ಹರಿದು ಹಾಕಿದೆ. "ನಾನು ಕಲಿಸಿದ್ದು ತಪ್ಪು, ಇದು ಸರಿ" ಅಂದೆ. ಲುವೊ ಸುಯಿಪಿಂಗ್ ಎದ್ದು, "ಇದು ಯಾರು ಬರ್ದಿದ್ದು ಮೇಷ್ಟ್ರೇ?" ಎಂದು ಕೇಳಿದಳು. ಗಂಟೆ ಹೊಡೆಯಿತು. ನಾನು ಹೇಳಲಿಲ್ಲ. ಮರುದಿನ ಮತ್ತೆ ಕೇಳಿದಳು. ಆ ಹುಡುಗಿ ಬಿಡುವ ಪೈಕಿ ಅಲ್ಲ. ನೀನು ತಿದ್ದಿದ ಅವಳ ಪುಸ್ತಕ ಬಂದ ದಿನ ಸೀಸದಕಡ್ಡಿಯ ಅಕ್ಷರ ನೋಡಿ, "ಅದೇ ಕೈ" ಅಂದಳು, ಅಷ್ಟೆ. ಆಮೇಲೆ ಕೇಳುವುದನ್ನೂ ಬಿಟ್ಟಳು. ಸುಮ್ಮನೆ ನನ್ನನ್ನು ನೋಡುತ್ತಿದ್ದಳು, ಮೊದಲ ಬೆಂಚಿನಿಂದ. ಮೂರು ವಾರ.

ನಿನ್ನೆ ಹೇಳಿಕೆ ಬರೆದೆ. ಎರಡು ಪ್ರತಿ. ಒಂದು ಹೌ ಮೇಜಿನ ಮೇಲೆ ಇಟ್ಟೆ. ಇನ್ನೊಂದು ದೊಡ್ಡ ಅಕ್ಷರದಲ್ಲಿ, ಅಂದಿನಷ್ಟೇ ದೊಡ್ಡದು, ಅದೇ ದಪ್ಪ ಕುಂಚ, ಊಟದ ಮನೆಯ ಅದೇ ಗೋಡೆ. ಮಧ್ಯಾಹ್ನ ಎಲ್ಲರೂ ಬಟ್ಟಲು ಹಿಡಿದು ಸಾಲಲ್ಲಿ ನಿಂತಿದ್ದಾಗ ಏಣಿ ಹಾಕಿ ಅಂಟಿಸಿದೆ. ಅಡುಗೆಯವನು ಸೌಟು ಬೀಸಿಕೊಂಡು ಬಂದ.

"ಏನ್ ಮೇಷ್ಟ್ರೇ, ಹತ್ತು ವರ್ಷದ ಹಿಂದೆ ನೀವು ಅಂಟ್ಸಿದ್ದಕ್ಕೇ ಗೋಡೆ ಸುಣ್ಣ ಎಲ್ಲ ಕಿತ್ಕೊಂಡು ಬಂತು. ಈಗ ಮತ್ತೆ ಹಿಟ್ಟಿನ ಗೋಂದಾ? ಹಿಟ್ಟು ಯಾರ್ದು?"

"ನನ್ನ ಪಡಿತರದ್ದು" ಅಂದೆ. ಅವನು ತಲೆಯೆತ್ತಿ ಓದಿದ. ಏಣಿ ಅಲ್ಲಾಡುತ್ತಿತ್ತು, ಹಿಡಿದುಕೊಂಡ.

ಬರೆದದ್ದು ಇಷ್ಟು:

'ರೇಡಿಯೋ ನನ್ನದು. ರುವಾನ್ ಚಿಹೊಂಗ್ ಅದನ್ನು ಒಂದು ದಿನವೂ ಕೇಳಲಿಲ್ಲ. ನನಗೆ ಭಯವಾಗಿತ್ತು, ಅದಕ್ಕೆ ಅವನ ಹೆಸರು ಬರೆದೆ. ಅವನ ನಿಘಂಟನ್ನೂ ನಾನೇ ಸುಟ್ಟೆ. ಯಾರೂ ನನಗೆ ಹೇಳಿಕೊಡಲಿಲ್ಲ. ಪಾಂಗ್ ಶೌಟಿಯನ್.'

ಅಂಟಿಸಿ ಇಳಿದು, ಗೋಡೆಗೆ ಮುಖ ಮಾಡಿ ಕೂತು ಊಟ ಮಾಡಿದೆ. ಎಲೆಕೋಸು, ಅನ್ನ. ನನ್ನ ಮೇಜಿಗೆ ಯಾರೂ ಬರಲಿಲ್ಲ.

ಹೌ ನಿನಗೆ ಬರೆಯುತ್ತಾರೆ. ಸೆಪ್ಟೆಂಬರಿನಿಂದ ನಿನಗೆ ತರಗತಿ. ಬಿಸಿನೀರಿನ ಮನೆಯ ಬೀಗದಕೈ ನನಗೆ ಈಗಲೇ ಕೊಟ್ಟಿದ್ದಾರೆ.

ಪಾಂಗ್

*

ಲಿಯುವಾನ್
೨ ಜುಲೈ

ಪಾಂಗ್,

ಐವತ್ತೊಂಬತ್ತು.

ಅರವತ್ತಕ್ಕೆ ಪಾಸು ಎಂಬುದು ನಿನಗೂ ಗೊತ್ತು. ಬರವಣಿಗೆಯಲ್ಲಿ ಕುಂದಿಲ್ಲ, ನೀನು ಬದುಕಿನಲ್ಲಿ ಬರೆದ ಏಕೈಕ ನೇರ ಬರಹ ಅದು. ಆದರೆ ಹತ್ತು ವರ್ಷ ತಡವಾಗಿ ಉತ್ತರಪತ್ರಿಕೆ ಕೊಟ್ಟವನಿಗೆ ಅರವತ್ತು ಕೊಡುವಷ್ಟು ನಾನು ಮುದುಕನಾಗಿಲ್ಲ. ಮಿಕ್ಕ ಒಂದು ಅಂಕ ನನ್ನ ಜೇಬಿನಲ್ಲಿ ಇರುತ್ತದೆ. ಕೇಳಬೇಡ. ಕೊಡುತ್ತೇನೆಂದೂ ಹೇಳಿಲ್ಲ, ಕೊಡುವುದಿಲ್ಲವೆಂದೂ ಹೇಳಿಲ್ಲ.

ಹೌ ಕಾಗದ ಬಂತು. ತಾನ್ ದೊಡ್ಡಮ್ಮ ಎರಡು ಸಲ ಓದಿಸಿದಳು. ಆಮೇಲೆ, "ಬಾತುಗಳನ್ನ ಯಾರು ನೋಡ್ಕೋತಾರೆ, ನಿಮ್ಮ ಇಂಗ್ಲಿಷಾ?" ಎಂದು ಬೈದು, ನಲವತ್ತು ಮೊಟ್ಟೆ ಉಪ್ಪಿಗೆ ಹಾಕಲು ಕೂತಳು. ಸೆಪ್ಟೆಂಬರಿಗೆ ಹದವಾಗುತ್ತವೆ. ನಿನಗೆ ಕೊಡುವಂತಿಲ್ಲ ಎಂದು ಖಡಾಖಂಡಿತ ಹೇಳಿದ್ದಾಳೆ.

ಸೆಪ್ಟೆಂಬರ್ ಒಂದನೇ ತಾರೀಕು ಬೆಳಗಿನ ಓದು ಮುಗಿದ ತಕ್ಷಣ ಫ್ಲಾಸ್ಕು ಹಿಡಿದು ನಿನ್ನ ಬಾಗಿಲಿಗೆ ಬರುತ್ತೇನೆ. ಸಾಲಿನಲ್ಲೇ ನಿಲ್ಲುತ್ತೇನೆ, ಮಕ್ಕಳ ಹಿಂದೆ. ನೀರು ಮರಳಿರಬೇಕು, ಉಗುರು ಬೆಚ್ಚಗಿದ್ದರೆ ನಿನ್ನ ಕಣ್ಣ ಮುಂದೆಯೇ ಚೆಲ್ಲಿ ಮತ್ತೆ ಸಾಲಿಗೆ ಬರುತ್ತೇನೆ. ಮೊದಲ ಪಿರಿಯಡ್ ಎಂಟಕ್ಕೆ. ಆ ಹೊತ್ತಿಗೆ ನಿನ್ನ ಒಲೆಗೆ ಕೆಲಸವಿರುವುದಿಲ್ಲ. ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಒಂದು ಜಾಗ ಖಾಲಿ ಇಡಲು ಹೌಗೆ ಬರೆದಿದ್ದೇನೆ. ಕೈಗೆ ಅಂಟಿದ ಕಲ್ಲಿದ್ದಲು ತೊಳೆದುಕೊಂಡು ಬಾ. ಏಳನೇ ಪಾಠದಿಂದ ನಿನಗೆ ಏನೂ ಬರುವುದಿಲ್ಲ.

ಆ ಚಹಾ ಡಬ್ಬಿ ಇನ್ನೂ ಇದ್ದರೆ, ಎಸೆಯಬೇಡ.

ರುವಾನ್ ಚಿಹೊಂಗ್